ಪುಷ್ಯದಲ್ಲೇ ಬಂದ ಮಾಘ

ಈ ಸಂಗತಿಯನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು, ಬೇಸಿಗೆ ಕಳೆಯಲಿ ಎಂದೆ. ಆಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಪೊರೆ ತೆಗೆಸಿದ ಮೇಲೆ ಎಲ್ಲವೂ ಸ್ಪಷ್ಟವಾಗಿ ಕಾಣತೊಡಗಿತು. ಅದರಲ್ಲಿ ನನ್ನ ತಪ್ಪೂ ಇತ್ತು. ಹಾಗಾಗಿ ಮತ್ತೆ ಮುಂದೂಡಿದೆ! ಈಗ ನೆಪಗಳೆಲ್ಲ ಮುಗಿದಿವೆ. ಹೇಳಿಬಿಡುತ್ತೇನೆ.

ನನ್ನ ಹೆಸರು ವೆಂಕಣ್ಣ. ಊರು ಸೇಡಂ. ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಗೆ ಬಂದವನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಅಳತೆ ಉಪಕರಣಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತನಾದೆ. ಈಗ ನಿಗಡಿಯ ಒಂದು ಸೊಸೈಟಿಯ ಮೂರನೇ ಮಹಡಿಯಲ್ಲಿ ನಾನು ಮತ್ತು ಹೆಂಡತಿ ಪದ್ಮಾ ಇದ್ದೇವೆ. ಕಾರ್ಖಾನೆಯವರು ನನ್ನನ್ನು ಮರೆತಿದ್ದಾರೆ. ಆದರೆ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ನನಗೊಂದು ಪದವಿ ಇತ್ತು. 'ತಿಥಿ ವೆಂಕಣ್ಣ' ಎಂಬುದೇ ಆ ಪದವಿ.

ಏಕಾದಶಿ ಯಾವತ್ತು, ಗ್ರಹಣ ಯಾವಾಗ, ಹೊಸ ಗ್ಯಾಸ್ ಒಲೆ ಹಚ್ಚಲು ರಾಹುಕಾಲ ಮುಗಿಯಿತೇ ಎಂಬೆಲ್ಲ ಪ್ರಶ್ನೆಗಳಿಗೂ ಉತ್ತರ ನನ್ನ ಹತ್ತಿರ ಸಿಗುತ್ತಿತ್ತು. ಮೊದಲು ಅದಕ್ಕೆ ಒಂದು ಹರಕು ಪಂಚಾಂಗ ಇತ್ತು. ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಪಂಚಾಂಗದ ಆ್ಯಪ್ ಇಟ್ಟುಕೊಂಡಿದ್ದೆ. ದಿನಾ ಬೆಳಿಗ್ಗೆ ಅದನ್ನು ನೋಡಿ ಮಾಸ, ಪಕ್ಷ, ತಿಥಿ, ನಕ್ಷತ್ರಗಳನ್ನು ನಮ್ಮ ಕನ್ನಡಿಗರ ಗುಂಪಿಗೆ ಬರೆದು ಹಾಕುತ್ತಿದ್ದೆ. ನಲವತ್ತು ಮಂದಿ ಕೈ ಮುಗಿದ ಚಿತ್ರ ಕಳಿಸುತ್ತಿದ್ದರು. ಅದನ್ನು ಎಣಿಸಿದ ಮೇಲೆಯೇ ನನ್ನ ಚಹಾ.

ಅಡುಗೆಮನೆಯ ಬಾಗಿಲ ಹಿಂದೆ ಪದ್ಮಾ ತೂಗುಹಾಕಿದ ಗೋಡೆ ಕ್ಯಾಲೆಂಡರಿನಲ್ಲೂ ತಿಥಿ ಇರುತ್ತದೆ, ನಿಜ. ಆದರೆ ಸಿಲಿಂಡರ್ ಬಂದ ದಿನ ಗುರುತು ಹಾಕಿಕೊಳ್ಳುವ ಕಾಗದವನ್ನು ನನ್ನಂಥ ತಜ್ಞ ನೋಡುವುದು ಹೇಗೆ?

ಆ ವರ್ಷ ಸಂಕ್ರಾಂತಿಯ ಮರುದಿನ ಫೋನಿನಲ್ಲಿ ಒಂದು ಸೂಚನೆ ಬಂತು. ಹೊಸ ಅಪ್‌ಡೇಟ್ ಸಿದ್ಧವಾಗಿದೆಯಂತೆ. ಭದ್ರತೆ ಹೆಚ್ಚುತ್ತದೆಯಂತೆ, ವೇಗ ಹೆಚ್ಚುತ್ತದೆಯಂತೆ. ನನಗೂ ಎಪ್ಪತ್ತು ದಾಟಿದೆ, ನನ್ನ ಮನೆಯಲ್ಲಿ ಯಾವುದರ ವೇಗವಾದರೂ ಹೆಚ್ಚಲಿ ಎನ್ನಿಸಿತು. ಕೈಕಾಲು ತೊಳೆದುಕೊಂಡು, ದೇವರಿಗೆ ನಮಸ್ಕರಿಸಿ, ಸಕಲ ವಿಧಿಪೂರ್ವಕವಾಗಿ ಗುಂಡಿ ಒತ್ತಿದೆ.

"ಏನ್ ಮಾಡ್ಲಿಕತ್ತೀರಿ?" ಎಂದಳು ಪದ್ಮಾ.

"ಫೋನ್ ಹೊಸಾದು ಮಾಡ್ಲಿಕತ್ತೀನಿ."

"ಹಳೇದು ಛಲೋ ಇತ್ತಲ್ಲ?"

"ನಿನಗ ತಿಳಿಯೂದಿಲ್ಲ, ಸುಮ್ನಿರು."

ಮದುವೆಯಾದ ಇಷ್ಟು ವರ್ಷಗಳಲ್ಲಿ ಈ ವಾಕ್ಯ ಹೇಳಿದ ಮೇಲೆ ನನಗೆ ಒಳ್ಳೆಯದಾದ ಉದಾಹರಣೆ ಒಂದೂ ಇಲ್ಲ.

ಅರ್ಧ ಗಂಟೆ ಫೋನು ಕಪ್ಪಗಾಗಿ ಮಲಗಿತ್ತು. ಎದ್ದಾಗ ನೋಡಿದರೆ ನನ್ನ ಫೋನೇ ಅಲ್ಲ ಅದು! ಚಿತ್ರಗಳೆಲ್ಲ ಗುಂಡಗಾಗಿದ್ದವು. ಅಕ್ಷರಗಳು ಸಣ್ಣಗಾಗಿದ್ದವು. ದಿನಾ ನನ್ನ ಹೆಜ್ಜೆ ಎಣಿಸುತ್ತಿದ್ದ ಆ್ಯಪ್, ನಾನು ಹುಟ್ಟಿದಾಗಿನಿಂದ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ ಎಂದು ತೋರಿಸಿತು. ಕನ್ನಡ ಕೀಲಿಮಣೆ ಕಾಣೆಯಾಗಿ, ಬೇರೊಂದು ಬಂದು ಕೂತಿತ್ತು. ಅದಕ್ಕೆ ನಾನು ಹೇಳುವ ಮೊದಲೇ ತನ್ನ ಮಾತು ಸೇರಿಸುವ ಚಟ.

ಅಷ್ಟರಲ್ಲಿ ಸೊಸೈಟಿಯ ಗೇಟಿನ ಆ್ಯಪ್ ಪಿಣ್ ಎಂದಿತು. ಯಾರಾದರೂ ಬಂದರೆ ವಾಚ್‌ಮನ್ ಅದರಲ್ಲಿ ಹೆಸರು ಕಳಿಸುತ್ತಾನೆ, ನಾವು ಎಡಗಡೆಯ ಗುಂಡಿ ಒತ್ತಿದರೆ ಒಳಗೆ ಬಿಡುತ್ತಾನೆ. ಎಡಗಡೆ ಒತ್ತಿದೆ. ಮತ್ತೆ ಪಿಣ್. ಮತ್ತೆ ಒತ್ತಿದೆ. ಐದು ಸಲ ಆಯಿತು. ಏನು ಸೌಜನ್ಯ ಇವರದು, ಐದೈದು ಸಲ ಕೇಳುತ್ತಾರಲ್ಲ ಎಂದುಕೊಂಡೆ. ಆಮೇಲೆ ಪದ್ಮಾಳ ಫೋನು ಗರ್ಜಿಸಿತು. ಆ ಕಡೆ ಅವಳ ತಮ್ಮ.

"ಅಕ್ಕಾ, ಸೇಡಂದಿಂದ ಜ್ವಾಳದ ರೊಟ್ಟಿ ಕಟಗೊಂಡು ಬಂದೀನಿ. ಭಾವ ಐದು ಸಲ 'ಒಳಗ ಬಿಡಬ್ಯಾಡ' ಅಂತ ಕಳಿಸ್ಯಾರಂತ! ನಾ ಏನ್ ತಪ್ಪು ಮಾಡೀನಿ?"

ಅಪ್‌ಡೇಟಿನಲ್ಲಿ ಗುಂಡಿಗಳು ಜಾಗ ಬದಲಿಸಿಕೊಂಡಿದ್ದವು! ಭಾಮೈದನನ್ನು ನಾನೇ ಕೆಳಗಿಳಿದು ಹೋಗಿ ಕರೆತಂದೆ. ಅವನು ರೊಟ್ಟಿಯ ಗಂಟನ್ನು ಅಕ್ಕನ ಕೈಗೇ ಕೊಟ್ಟ, ನನ್ನ ಕೈಗೆ ಕೊಡಲಿಲ್ಲ.

ಇನ್ನು ರಕ್ತದೊತ್ತಡ ಬರೆದಿಡುವ ಆ್ಯಪ್. ಅದು ನನ್ನನ್ನು ಪೂರ್ತಿ ಮರೆತು, ಹೊಸದಾಗಿ ಪ್ರಶ್ನೆ ಕೇಳತೊಡಗಿತು. ಅಕ್ಷರ ಸಣ್ಣ, ಪ್ರಶ್ನೆ ಹತ್ತಾರು. ನಾನು ಓದದೆ 'ಮುಂದೆ', 'ಮುಂದೆ', 'ಮುಂದೆ' ಎಂದು ಒತ್ತಿದೆ. ಕೊನೆಗೆ ಅದು ಹೂವಿನ ಚಿತ್ರ ತೋರಿಸಿ, ಐದನೇ ತಿಂಗಳಲ್ಲಿ ಭಾರ ಎತ್ತಬಾರದೆಂದೂ ಸೊಪ್ಪು ಹೆಚ್ಚಾಗಿ ತಿನ್ನಬೇಕೆಂದೂ ಬುದ್ಧಿ ಹೇಳಿತು.

ಪದ್ಮಾ ಕನ್ನಡಕ ಹಾಕಿಕೊಂಡು ಅದನ್ನು ಓದಿದಳು. ಆಮೇಲೆ ಗಂಭೀರವಾಗಿ ಕೇಳಿದಳು. "ಹೆರಿಗಿ ಎಲ್ರಿ, ಇಲ್ಲೋ ತವರಮನ್ಯಾಗೋ?"

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅಳತೆಯ ಉಪಕರಣ ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಅದಕ್ಕೆ ಕೆಂಪು ಚೀಟಿ ಕಟ್ಟಬೇಕು. ಮತ್ತೆ ಪರೀಕ್ಷೆ ಮಾಡಿ ಸರಿಯಿದೆ ಎಂದು ತೋರುವವರೆಗೆ ಅದರಿಂದ ಒಂದು ಮೊಳೆಯನ್ನೂ ಅಳೆಯಕೂಡದು. ಆ ನಿಯಮವನ್ನು ಹೊಸಬರಿಗೆ ಬೈದು ಬೈದು ಕಲಿಸಿದವನೇ ನಾನು! ಆದರೆ ಪಂಚಾಂಗದ ಆ್ಯಪ್ ತೆರೆಯಲು ಹೋದಾಗ ಅದು ಬಾಗಿಲು ತೆಗೆದು, ನನ್ನ ಮುಖ ನೋಡಿ, ಪಟ್ಟನೆ ಮುಚ್ಚಿಕೊಂಡಿತಲ್ಲ, ಆಗ ನಾನು ಏನು ಮಾಡಿದೆ? ಅದನ್ನು ಕಿತ್ತುಹಾಕಿ ಮತ್ತೆ ಹೊಸದಾಗಿ ಇಳಿಸಿಕೊಂಡೆ. ಅದೂ ಪ್ರಶ್ನೆ ಕೇಳಿತು. ಯಾವ ಊರಿನಲ್ಲಿದ್ದೀರಿ ಎಂದು ತಿಳಿಯಲು ಅನುಮತಿ ಕೊಡಿ ಎಂದಿತು. ಅಂಥ ಅನುಮತಿ ಕೊಟ್ಟು ಮೋಸಹೋದವರ ಕಥೆಗಳನ್ನು ಕೇಳಿದ್ದೆನಾದ್ದರಿಂದ ಕೊಡಲಿಲ್ಲ. ಬಹಳ ಹುಷಾರು ನಾನು! ಇನ್ನೂ ನಾಲ್ಕೈದು ಪ್ರಶ್ನೆಗಳಿದ್ದವು.

ಮುಂದೆ. ಮುಂದೆ. ಮುಂದೆ.

ಪಂಚಾಂಗ ತೆರೆದುಕೊಂಡಿತು. ಪುಷ್ಯ ಮಾಸ, ಶುಕ್ಲ ಪಕ್ಷ ಎಂದು ತೋರಿಸಿತು. ಸರಿಯಾಗಿತ್ತು. ಗುಂಪಿಗೆ ಬರೆದು ಹಾಕಿದೆ. ನಲವತ್ತು ಕೈಗಳು ಮುಗಿದವು.

ಈಗ ಶ್ರೀಪಾದನ ವಿಷಯಕ್ಕೆ ಬರಬೇಕು. ಶ್ರೀಪಾದ ನನ್ನ ಗೆಳೆಯ. ನಾವಿಬ್ಬರೂ ಒಂದೇ ಊರಿನವರು, ಒಂದೇ ಕಾರ್ಖಾನೆಗೆ ಒಂದೇ ಬಸ್ಸಿನಲ್ಲಿ ಹೋದವರು. ಅವನ ಮನೆ ನಮ್ಮ ಮನೆಯ ಮೇಲಿನ ಮಹಡಿ. ಹಿಂದಿನ ವರ್ಷ ಅವನು ತೀರಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಮಾಘ ಬಹುಳ ಪಂಚಮಿ ಎಂದು ತಿಥಿ ನೋಡಿ ಹೇಳಿದವನೂ ನಾನೇ. ಬಹುಳ ಎಂದರೂ ಕೃಷ್ಣ ಪಕ್ಷ ಎಂದರೂ ಒಂದೇ, ಹುಣ್ಣಿಮೆ ಕಳೆದ ಮೇಲಿನ ಹದಿನೈದು ದಿನ. ಅವನ ಮಗ ಪ್ರಮೋದ ಚಾಕಣದ ಗೇರ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಸೊಸೆ ಮೈಸೂರಿನವಳು. ಕಂಪ್ಯೂಟರ್ ಕಂಪನಿಯ ಕೆಲಸ ಅವಳದು, ಹೆಚ್ಚಿನ ದಿನ ಮನೆಯಿಂದಲೇ ಮಾಡುತ್ತಾಳೆ.

ಅಪ್‌ಡೇಟ್ ಆದ ನಾಲ್ಕನೇ ದಿನ ಆ ಸೊಸೆಯ ಸಂದೇಶ ಬಂತು. "ಅಂಕಲ್ ನಮಸ್ತೆ. ಮಾವನವರ ತಿಥಿ ಮಾಘ ಬಹುಳ ಪಂಚಮಿ ಅಲ್ವಾ? ಈ ವರ್ಷ ಯಾವ ಡೇಟ್ ಬರತ್ತೆ ಅಂತ ನೋಡಿ ಹೇಳ್ತೀರಾ? ಪ್ರಮೋದ್ ಕೇಳಕ್ಕೆ ಹೇಳಿದ್ರು."

ಮೊದಲ ವರ್ಷದ ಶ್ರಾದ್ಧ. ಸಣ್ಣ ಮಾತಲ್ಲ. ಊರಿಂದ ಬಂಧುಗಳೆಲ್ಲ ಬರುವವರು. ಆ್ಯಪ್‌ನಲ್ಲಿ ಹುಡುಕಿದೆ. ಮಾಘ ಕೃಷ್ಣ ಪಂಚಮಿ, ಜನವರಿ ಮೂವತ್ತು! ನನಗೂ ಕ್ಷಣ ಗಾಬರಿಯಾಯಿತು, ಇಷ್ಟು ಬೇಗವೇ? ಆದರೆ ತಜ್ಞನಲ್ಲವೇ, ಮನಸ್ಸಿನಲ್ಲೇ ತಾಳೆ ನೋಡಿದೆ. ತಿಥಿ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತದೆ. ಹೋದ ಸಲ ಫೆಬ್ರುವರಿ ಹತ್ತು. ಹನ್ನೊಂದು ಕಳೆದರೆ ಜನವರಿ ಮೂವತ್ತು. ಕರಾರುವಾಕ್ಕು! ಕೂಡಲೇ ಉತ್ತರ ಬರೆದೆ. ಹೊಸ ಕೀಲಿಮಣೆ ನನ್ನ ಉತ್ತರದ ತುದಿಗೆ ತಾನಾಗಿ ಒಂದು ಕೇಕು ಮತ್ತು ಎರಡು ಬಲೂನು ಅಂಟಿಸಿ ಕಳಿಸಿತು.

ಅರ್ಧ ಗಂಟೆಯಲ್ಲಿ ಸೊಸೆ ನಮ್ಮ ಬಾಗಿಲಿಗೆ ಬಂದಳು. ಕೇಕಿನ ಬಗ್ಗೆ ಏನೂ ಹೇಳಲಿಲ್ಲ.

"ಅಂಕಲ್, ಡಿಸ್ಟರ್ಬ್ ಆಯ್ತಾ? ಆ ಡೇಟ್ ಬಗ್ಗೆ ಒಂದ್ ಡೌಟು."

"ಡೌಟು ಏನ್ ಬಂತು ತಂಗಿ?"

"ಮಾವ ಹೋದಾಗ ಇಲ್ಲಿ ಹಳದಿ-ಕುಂಕುಮ ಎಲ್ಲಾ ಮುಗಿದುಹೋಗಿತ್ತು. ರಥಸಪ್ತಮಿ ಆಗಿ, ಶಿವರಾತ್ರಿಗೆ ಎಂಟೊಂಬತ್ತು ದಿನ ಇತ್ತು, ನಂಗೆ ಚೆನ್ನಾಗಿ ನೆನಪಿದೆ. ಈ ಸಲ ರಥಸಪ್ತಮಿನೇ ಬಂದಿಲ್ಲ. ಬಿ ವಿಂಗಲ್ಲಿ ಇವತ್ತೂ ಹಳದಿ-ಕುಂಕುಮ ಇದೆ. ಮತ್ತೆ ಮೂವತ್ತಕ್ಕೆ ಹೇಗೆ ಬರತ್ತೆ?"

ಪುಣೆಯ ಹೆಂಗಸರು ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಬ್ಬರನ್ನೊಬ್ಬರು ಮನೆಗೆ ಕರೆದು ಅರಿಶಿನ, ಕುಂಕುಮ, ಎಳ್ಳುಂಡೆ ಕೊಡುತ್ತಾರೆ. ರಥಸಪ್ತಮಿ ಬರುವುದು ಮಾಘದ ಏಳನೇ ದಿನ. ಅದು ಬರದೆ ಮಾಘದ ಹುಣ್ಣಿಮೆ ಬರಲಾರದು, ಹುಣ್ಣಿಮೆ ಬರದೆ ಬಹುಳ ಪಂಚಮಿ ಬರಲಾರದು. ಇದು ಎಳ್ಳುಂಡೆ ತಿಂದ ಪ್ರತಿಯೊಬ್ಬರಿಗೂ ಗೊತ್ತಾಗುವ ಸಂಗತಿ. ನಾನೂ ಆ ವಾರದಲ್ಲಿ ಪದ್ಮಾ ತಂದ ಎಳ್ಳುಂಡೆ ಒಂಬತ್ತು ತಿಂದಿದ್ದೆ.

"ಫೋನ್ ಸುಳ್ಳ ಹೇಳ್ತದೇನು?" ಎಂದೆ.

"ಅಪ್‌ಡೇಟ್ ಆದ್ಮೇಲೆ ಸೆಟ್ಟಿಂಗ್ಸ್ ಚೇಂಜ್ ಆಗಿರತ್ತೆ ಅಂಕಲ್. ಒಂದ್ನಿಮಿಷ ಕೊಡಿ, ನೋಡ್ತೀನಿ."

ನಾನು ಫೋನನ್ನು ಅಂಗಿಯ ಜೇಬಿಗೆ ಇಳಿಸಿ, ಮೇಲೆ ಕೈ ಇಟ್ಟುಕೊಂಡೆ. "ನಿಮ್ಮ ಮೈಸೂರ ಕಡೆ ಲೆಕ್ಕ ಬ್ಯಾರೆ ಇರ್ತದ, ನಮ್ಮ ಕಡೆ ಬ್ಯಾರೆ."

"ಬೇರೆ ಹೇಗೆ ಅಂಕಲ್? ಯುಗಾದಿ ಎರಡೂ ಕಡೆ ಒಂದೇ ದಿನ ತಾನೇ ಮಾಡ್ತೀವಿ?"

ನಾನು ಅಡುಗೆಮನೆಯ ಕಡೆ ತಿರುಗಿದೆ.

"ಚಹಾ ಕುಡೀತೀ?" ಎಂದೆ.

ಅವಳು ಬೇಡವೆಂದು ಮೇಲೆ ಹೋದಳು. ಆಮೇಲೆ ಗಂಡನಿಗೂ ಹೇಳಿ ನೋಡಿದಳಂತೆ, ಗೋಡೆ ಕ್ಯಾಲೆಂಡರನ್ನೇ ತೆಗೆದು ಅವನ ಮುಂದೆ ಹಿಡಿದಳಂತೆ. ಪಾಳಿ ಮುಗಿಸಿ ಬಂದ ಪ್ರಮೋದ, "ವೆಂಕಣ್ಣಕಾಕಾ ಹೇಳಿದ ಮ್ಯಾಲ ಮುಗೀತು. ಅವರ ಮುಂದ ಕ್ಯಾಲೆಂಡರ್ ಏನ್ ಹಿಡೀತಿ?" ಎಂದನಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸಾಮಾನ್ಯವಾಗಿ ಇಂಥ ತಪ್ಪನ್ನು ನಮ್ಮ ಮನೆಗಳ ಶ್ರಾದ್ಧ ಮಾಡಿಸುವ ಕೊಂಢವಾ ಬಡಾವಣೆಯ ಆಚಾರ್ಯರು ಹಿಡಿದುಬಿಡುತ್ತಿದ್ದರು. ಆ ಸಲ ಅವರು ಯಾತ್ರೆಗೆ ಹೋಗಿದ್ದರು. ಬದಲಿಗೆ ಬಿಬವೇವಾಡಿಯ ಒಬ್ಬ ಮರಾಠಿ ಗುರೂಜಿಗೆ ಫೋನಿನಲ್ಲೇ ಹೇಳಿದ್ದಾಯಿತು. ಜನವರಿ ಮೂವತ್ತು, ಶ್ರಾದ್ಧ, ನಿಗಡಿ. ಅವರು ಕೇಳಿದ್ದು ಅಷ್ಟೇ, ನಾವು ಹೇಳಿದ್ದೂ ಅಷ್ಟೇ.

ಮೂವತ್ತಕ್ಕೆ ಐದು ದಿನ ಮೊದಲು ಹುಣ್ಣಿಮೆ ಬಂತು. ಮರುದಿನದಿಂದ ನನ್ನ ಆ್ಯಪ್ 'ಮಾಘ ಕೃಷ್ಣ' ಎನ್ನತೊಡಗಿತು. ನಾನು ಹಾಗೆಯೇ ಗುಂಪಿಗೆ ಬರೆದು ಹಾಕಿದೆ. ಊರೆಲ್ಲ ಪುಷ್ಯದಲ್ಲಿರುವಾಗ ನಾವು ನಲವತ್ತು ಮನೆಯವರು ಮಾಘಕ್ಕೆ ಹೋಗಿದ್ದೆವು! ಒಬ್ಬರೂ ಏನೂ ಅನ್ನಲಿಲ್ಲ. ಕೈ ಮಾತ್ರ ಮುಗಿದರು. ನನ್ನ ಸಂದೇಶವನ್ನು ಯಾರೂ ಓದುತ್ತಲೇ ಇರಲಿಲ್ಲ ಎಂಬುದು ಅಂದಿಗೆ ಖಚಿತವಾಗಬೇಕಿತ್ತು.

ಮೂವತ್ತರಂದು ಶ್ರೀಪಾದನ ಮನೆಯಲ್ಲಿ ಹದಿನೈದು ಜನ ಬಂಧುಗಳು. ಎಲ್ಲರಿಗೂ ಹಿರಿಯಳು ಶ್ರೀಪಾದನ ಅಕ್ಕ ಅಂಬಕ್ಕ. ಎಂಬತ್ತು ವರ್ಷ, ಮಂಡಿನೋವು, ಸೇಡಂದಿಂದ ಹತ್ತು ತಾಸಿನ ಪ್ರಯಾಣ. ತಮ್ಮನ ಮೊದಲ ವರ್ಷಕ್ಕೆ ಇರಲೇಬೇಕೆಂದು ಬಂದಿದ್ದಳು. ಬಂದವಳು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

ಸೊಸೆ ರಜೆ ಹಾಕಿ, ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಮಡಿಸೀರೆಯುಟ್ಟು ಅಡುಗೆಗೆ ನಿಂತಿದ್ದಳು. ಮಡಿಯಲ್ಲಿರುವವರು ಮಡಿಯಲ್ಲದ್ದನ್ನು ಮುಟ್ಟುವಂತಿಲ್ಲವಲ್ಲ. ಅವಳ ಮೊಬೈಲು ಮಲಗುವ ಕೋಣೆಯ ಕಪಾಟಿನೊಳಗೆ ಇತ್ತು.

"ಹೆಸರಬ್ಯಾಳಿ ಹುರದೀಯೇನs?" ಅಂಬಕ್ಕ ಕೇಳಿದಳು.

"ಹುರಿದಿದೀನಿ ಅತ್ತೆ."

"ಹುರಿದಿದೀನಿ ಅಂತ! ನಮ್ಮ ಕಡೆ ಹಂಗ ಹುರಿಯೂದಿಲ್ಲ. ಇರ್ಲಿ ಬಿಡು, ನಿಮ್ಮ ಮೈಸೂರಾಗ ಎಲ್ಲದಕ್ಕೂ ಬೆಲ್ಲ ಹಾಕ್ತೀರಿ, ಇದಕ್ಕರೆ ಹಾಕೀದಿ ಮತ್ತ."

"ಹಾಕಿಲ್ಲ ಅತ್ತೆ."

"ಏನರೆ ಒಂದು ಅಂತಾಳ ನೋಡು ವೆಂಕಣ್ಣ! ಎದುರಾಡ್ತಾಳ."

ನಾನು ನಕ್ಕೆ. ಆ ಮನೆಯಲ್ಲಿ ಅವತ್ತು ನನಗೆ ಬಹಳ ಗೌರವವಿತ್ತು. ನನ್ನ ಕುರ್ಚಿಗೆ ಮೆತ್ತೆ ಹಾಕಿದ್ದರು.

ಗುರೂಜಿ ಬಂದರು. ಪ್ರಮೋದ ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತ. ದರ್ಭೆ, ಎಳ್ಳು, ನೀರು. ಗುರೂಜಿ ಸಂಕಲ್ಪ ಹೇಳತೊಡಗಿದರು. ಸಂಕಲ್ಪದಲ್ಲಿ ದೇಶ, ಕಾಲ ಎಲ್ಲ ಹೇಳಲೇಬೇಕು. ಅದು ಮೇಲಿನವರಿಗೆ ವಿಳಾಸ ಬರೆದಂತೆ.

"ಹೇಮಂತ ಋತೌ, ಪೌಷ ಮಾಸೇ, ಕೃಷ್ಣ ಪಕ್ಷೇ..."

ಪೌಷ ಎಂದರೆ ನಮ್ಮ ಪುಷ್ಯ. ಪಾಪ, ಗುರೂಜಿಗೆ ವಯಸ್ಸಾಗಿದೆ ಎಂದುಕೊಂಡೆ. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಗುರೂಜಿ, ಮಾಘ ಮ್ಹಣಾ," ಮಾಘ ಎನ್ನಿ ಎಂದು ಮೆಲ್ಲಗೆ ತಿದ್ದಿದೆ.

ಗುರೂಜಿ ನಿಲ್ಲಿಸಿ ನನ್ನನ್ನು ನೋಡಿದರು. "ಕಾಕಾ, ಆಜ ಪೌಷ ಆಹೆ." ಇವತ್ತು ಪೌಷವೇ ಎಂದರು.

"ನಾಹೀ ನಾಹೀ, ಮಾಘ ಆಹೆ."

"ಅಹೋ ಕಾಕಾ, ಅಮಾವಾಸ್ಯಾ ಝಾಲ್ಯಾಶಿವಾಯ ಮಾಘ ಕಸಾ ಯೇಯಿಲ್?"

ಅಮಾವಾಸ್ಯೆ ಆಗದೆ ಮಾಘ ಹೇಗೆ ಬಂದೀತು? ಅವರು ಚೀಲದಿಂದ ಅರಿಶಿನದ ಕಲೆ ಹತ್ತಿದ ಪುಟ್ಟ ಪಂಚಾಂಗ ತೆಗೆದು, ಬೆರಳಿಟ್ಟು ತೋರಿಸಿದರು. ಮಾಘ ಬಹುಳ ಪಂಚಮಿಗೆ ಇನ್ನೂ ಸರಿಯಾಗಿ ಒಂದು ತಿಂಗಳಿತ್ತು.

ಪ್ರಮೋದನ ಅಂಗೈಯಿಂದ ಎಳ್ಳುನೀರು ತೊಟ್ಟಿಕ್ಕುತ್ತಿತ್ತು.

ಅಂಬಕ್ಕ ಕುರ್ಚಿಯಿಂದ ಎದ್ದಳು. "ಅಂದ್ರ... ನಮ್ಮ ಶ್ರೀಪಾದನ ತಿಥಿ ಇವತ್ತಲ್ಲ? ಯಾರು ಹೇಳಿದ್ದು ಈ ದಿನಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಮೆತ್ತೆಯ ಕುರ್ಚಿಯ ಕಡೆ.

ಆಗ ನಾನು ಹೇಳಬೇಕಾಗಿದ್ದದ್ದು ಎರಡೇ ಶಬ್ದ. 'ನನ್ನ ತಪ್ಪು.' ಬಾಯಿ ತೆರೆದೆ. ಹೊರಬಂದದ್ದು ಬೇರೆ.

"ನನಗೇನ್ ಗೊತ್ತು ಅಂಬಕ್ಕ? ಸೊಸಿ ನನಗ ಪುಷ್ಯ ಅಂತ ಬರದು ಕಳಿಸಿದ್ದಳು. ನಾ ಪುಷ್ಯದ್ದೇ ನೋಡಿ ಹೇಳೀನಿ."

ಎಷ್ಟು ಸಲೀಸಾಗಿ ಬಂತು! ಒಂದು ಕ್ಷಣ ನನಗೇ ನಿಜವೆನ್ನಿಸಿತು. ಒಂದು ನಿಮಿಷದ ಹಿಂದೆ ಗುರೂಜಿಯ ಜೊತೆ 'ಮಾಘ, ಮಾಘ' ಎಂದು ವಾದಿಸಿದವನೂ ನಾನೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಗೌರವ ಅಂದರೆ ಅದು!

ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ಅವಳು ಬರೆದದ್ದೇನು ಎಂಬುದು ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ಮುಟ್ಟಿದರೆ ಮಡಿ ಕೆಡುತ್ತದೆ, ಅಡುಗೆ ಕೆಡುತ್ತದೆ, ಮಾವನ ಎಡೆ ಕೆಡುತ್ತದೆ.

ಅವಳು ಮುಟ್ಟಲಿಲ್ಲ.

"ನಾ ಅಂದಿದ್ದೆ ಪ್ರಮೋದಾ," ಎಂದಳು ಅಂಬಕ್ಕ. "ಕಂಪ್ಯೂಟರ್ ಒತ್ತೂ ಹುಡುಗಿಗೆ ಮಾಘ ಯಾವುದು, ಪುಷ್ಯ ಯಾವುದು ಅಂತ ಎಲ್ಲಿ ತಿಳೀತದ? ಒಂದು ಮಾತು ವೆಂಕಣ್ಣಗ ನೀನೇ ಹೇಳಿದ್ರ ಆಗ್ತಿರಲಿಲ್ಲೇನು?"

ಪ್ರಮೋದ ಹೆಂಡತಿಯ ಕಡೆ ನೋಡಿದ. ಅವನ ನೋಟದಲ್ಲಿ ಸಂಶಯವಿತ್ತು. ಯಾರ ಮೇಲೆ ಎಂಬುದನ್ನು ತಿಳಿಯುವ ಧೈರ್ಯ ನನಗಿರಲಿಲ್ಲ. ನಾನು ಕಿಟಕಿಯ ಹೊರಗೆ ಒಣಗಲು ಹಾಕಿದ ಬಟ್ಟೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಗುರೂಜಿಯೇ ಪಾರುಮಾಡಿದರು. ಮೊದಲ ವರ್ಷದಲ್ಲಿ ತಿಂಗಳು ತಿಂಗಳಿಗೆ ಅದೇ ತಿಥಿಯಂದು ಮಾಸಿಕ ಮಾಡುವ ಪದ್ಧತಿ ಉಂಟು. ಇಂದಿನದನ್ನು ಮಾಸಿಕವೆಂದು ಮಾಡೋಣ, ವರ್ಷದ್ದನ್ನು ಮುಂದಿನ ತಿಂಗಳು ಮಾಡಿ, ಅನ್ನ ವ್ಯರ್ಥವಾಗುವುದಿಲ್ಲ ಎಂದರು. ಶ್ರೀಪಾದನಿಗೆ ಬದುಕಿದ್ದಾಗಲೂ ಒಂದು ಊಟ ಸಾಲುತ್ತಿರಲಿಲ್ಲ. ಅವನಿಗೇನೂ ನಷ್ಟವಾಗಲಿಲ್ಲ. ಆದರೆ ಅಂಬಕ್ಕ ಊಟಕ್ಕೆ ಕೂತಾಗ ಮಂಡಿ ನೀವಿಕೊಳ್ಳುತ್ತ ಒಂದೇ ಮಾತು ಹೇಳಿದಳು. "ಮತ್ತೊಮ್ಮೆ ಬರೂ ಶಕ್ತಿ ನನಗಿಲ್ಲೋ."

ಸೊಸೆ ಬಡಿಸಿದಳು. ನನಗೂ ಬಡಿಸಿದಳು. ಪಾಯಸ ಎರಡನೇ ಸಲವೂ ಹಾಕಿದಳು. ನಾನು ಉಂಡೆ!

ಗುರೂಜಿಯನ್ನು ಕಳಿಸಲು ಗೇಟಿನವರೆಗೆ ಹೋದಾಗ ಅವರು ನನ್ನ ಫೋನು ಕೇಳಿ ತೆಗೆದುಕೊಂಡರು. ಅದನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿ ನಕ್ಕರು.

"ಕಾಕಾ, ತುಮಚಾ ಫೋನ್ ಕಾಶೀಲಾ ಗೇಲಾಯ್!"

ನನ್ನ ಫೋನು ನನ್ನನ್ನು ಬಿಟ್ಟು ಕಾಶಿಗೆ ಹೋಗಿತ್ತು! ಊರು ಯಾವುದೆಂದು ನಾನು ಹೇಳದಿದ್ದುದರಿಂದ ಆ್ಯಪ್ ತಾನೇ ಕಾಶಿ ಎಂದು ಹಾಕಿಕೊಂಡಿತ್ತು. ಅಲ್ಲಿನವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದೂ ಮರಾಠಿಯವರದೂ ಅಮಾವಾಸ್ಯೆಗೆ. ಹೀಗಾಗಿ ಹುಣ್ಣಿಮೆಯ ಮರುದಿನದಿಂದ ಹದಿನೈದು ದಿನ ಅವರು ನಮಗಿಂತ ಒಂದು ತಿಂಗಳ ಹೆಸರು ಮುಂದಿರುತ್ತಾರೆ. ಯಾವ ಲೆಕ್ಕ ಬೇಕು ಎಂದು ಆ್ಯಪ್ ನನ್ನನ್ನು ಕೇಳಿತ್ತು. ನಾನು 'ಮುಂದೆ' ಎಂದಿದ್ದೆ. ಅದು ಒಂದು ತಿಂಗಳು ಮುಂದೆ ಹೋಗಿತ್ತು.

ಹಾಗಾದರೆ ನನ್ನ ಹನ್ನೊಂದು ದಿನದ ಕರಾರುವಾಕ್ ಲೆಕ್ಕ? ಮನೆಗೆ ಬಂದು ತಲೆ ಕೆರೆದುಕೊಂಡು ಪದ್ಮಾಳನ್ನು ಕೇಳಿದೆ.

"ಹೋದ ಶ್ರಾವಣ ಎರಡು ಬಂದಿದ್ವಲ್ರಿ," ಎಂದಳು. "ಅಧಿಕ ಮಾಸ. ಅಳಿಯನ್ನ ಕರಸಿ ಮೂವತ್ತಮೂರು ಅನಾರಸ ತುಪ್ಪದಾಗ ಕರದು ಕೊಟ್ಟಿಲ್ಲೇನು? ಮೂವತ್ತನಾಲ್ಕನೇದು ನೀವs ತಿಂದೀರಿ. ಒಂದು ತಿಂಗಳು ಹೆಚ್ಚಾದ್ರ ತಿಥಿ ಹಿಂದ ಬರೂದಿಲ್ಲ, ಮುಂದ ಹೋಗ್ತದ."

"ಇಷ್ಟೆಲ್ಲಾ ಗೊತ್ತಿದ್ದು ಸುಮ್ನ ಯಾಕಿದ್ದಿ?"

"ನೀವs ಹೇಳಿದ್ರಲ್ಲ, ನಿನಗ ತಿಳಿಯೂದಿಲ್ಲ, ಸುಮ್ನಿರು ಅಂತ."

ಆಮೇಲೆ ಅವಳು ನಗುವುದನ್ನು ನಿಲ್ಲಿಸಿ, ಕೈಯೊರೆಸಿಕೊಂಡು ನನ್ನ ಎದುರು ಕೂತಳು. "ಆ ಹುಡುಗಿ ಮ್ಯಾಲ ಹಾಕಿದ್ರಂತಲ್ಲ. ಖರೇ ಏನು?"

ನಾನು ಫೋನಿನ ಗಾಜು ಒರೆಸತೊಡಗಿದೆ.

"ಹೋಗಿ ಹೇಳ್ರಿ. ಅಂಬಕ್ಕ ಇರೂದ್ರಾಗs ಹೇಳ್ರಿ."

ಹೋಗುತ್ತೇನೆ ಎಂದೆ. ಅಂಬಕ್ಕನಿಗೆ ವಿಶ್ರಾಂತಿ ಆಗಲಿ, ಸಂಜೆ ಹೋಗುತ್ತೇನೆ. ಸಂಜೆ ಅಂಬಕ್ಕ ರೈಲು ಹತ್ತಿದ್ದಳು.

ಮುಂದಿನ ತಿಂಗಳು ನಿಜವಾದ ತಿಥಿ ಬಂತು. ಬಂಧುಗಳಲ್ಲಿ ಬಂದವರು ನಾಲ್ಕೇ ಜನ. ಅಂಬಕ್ಕ ಬರಲಿಲ್ಲ. ಫೋನಿನಲ್ಲಿ ಪ್ರಮೋದನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಈ ಸಲ ಆಕಿನ್ನ ಕೇಳಬ್ಯಾಡ. ವೆಂಕಣ್ಣನ್ನ ಕೇಳು, ಅವ ಸರಿಯಾಗಿ ನೋಡ್ತಾನ." ನನಗೆ ಮತ್ತೆ ಮೆತ್ತೆಯ ಕುರ್ಚಿ! ಅದರ ಮೇಲೆ ಕೂತಾಗ ಮೊಳೆಗಳ ಮೇಲೆ ಕೂತಂತೆ ಆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ಮೆತ್ತಗೇ ಇತ್ತು.

ಊಟವೆಲ್ಲ ಮುಗಿದು, ಮಡಿ ಬಿಟ್ಟ ಮೇಲೆ, ಸೊಸೆ ನನ್ನ ಹತ್ತಿರ ಬಂದಳು. ಬೈಯಲಿ, ಬೈದರೆ ನನಗೂ ಬಾಯಿ ಬರುತ್ತದೆ ಎಂದುಕೊಂಡೆ.

"ಅಂಕಲ್, ಫೋನ್ ಕೊಡಿ ಒಂದ್ನಿಮಿಷ."

ಕೊಟ್ಟೆ. ಅವಳು ನಿಂತಲ್ಲೇ ಎರಡು ಮೂರು ಕಡೆ ಒತ್ತಿದಳು. ಕಾಶಿಯನ್ನು ತೆಗೆದು ಪುಣೆ ಹಾಕಿದಳು. ಹುಣ್ಣಿಮೆ ತೆಗೆದು ಅಮಾವಾಸ್ಯೆ ಹಾಕಿದಳು. ಅಕ್ಷರ ದೊಡ್ಡದು ಮಾಡಿದಳು. ಕನ್ನಡ ಕೀಲಿಮಣೆ ವಾಪಸು ತಂದಳು. ನನ್ನ ಐದನೇ ತಿಂಗಳನ್ನೂ ತೆಗೆದುಹಾಕಿದಳು, ನಗದೆ.

"ಈಗ ಸರಿಯಾಗಿದೆ ಅಂಕಲ್. ಇನ್ನೊಂದ್ಸಲ ಅಪ್‌ಡೇಟ್ ಮಾಡಿದ್ರೆ ಇದಿಷ್ಟು ಚೆಕ್ ಮಾಡ್ಕೊಳಿ."

ಅಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಕಪಾಟಿನಿಂದ ಫೋನು ತೆಗೆದು, ತಾನು ಬರೆದದ್ದನ್ನು ಯಾರಿಗೆ ಬೇಕಾದರೂ ತೋರಿಸಲು ಅವಳಿಗೆ ಒಂದು ಇಡೀ ತಿಂಗಳಿತ್ತು. ತೋರಿಸಲಿಲ್ಲ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟಳೋ, ಸತ್ತ ಮಾವನ ಗೆಳೆತನಕ್ಕೆ ಕೊಟ್ಟಳೋ ನನಗೆ ಗೊತ್ತಿಲ್ಲ. ಕೇಳುವ ಮುಖವಿಲ್ಲ.

ಅವಳು ಅಲ್ಲೇ ನಿಂತಿದ್ದಳು, ಒಂದು ಉಸಿರಿನಷ್ಟು ಹೊತ್ತು. ಅದು ನನಗಾಗಿಯೇ ಬಿಟ್ಟ ಜಾಗ.

"ಥ್ಯಾಂಕ್ಯೂ," ಎಂದೆ.

ಥ್ಯಾಂಕ್ಯೂ! ಅವಳು "ಪರವಾಗಿಲ್ಲ ಅಂಕಲ್" ಎಂದು ಒಳಗೆ ಹೋದಳು.

ಅಂದಿನಿಂದ ನಾನು ಬಹಳ ಜನರ ಕ್ಷಮೆ ಕೇಳಿದ್ದೇನೆ. ಗುರೂಜಿಯ ಕ್ಷಮೆ ಕೇಳಿದೆ. ಗೇಟಿನಲ್ಲಿ ನಿಲ್ಲಿಸಿದ್ದಕ್ಕೆ ಭಾಮೈದನ ಕ್ಷಮೆ ಕೇಳಿದೆ. ಶ್ರೀಪಾದನ ಫೋಟೋದ ಮುಂದೆ ನಿಂತು ಕೇಳಿದೆ, ಅವನು ಎಂದಿನಂತೆ ನಗುತ್ತಲೇ ಇದ್ದ. ಆ್ಯಪ್‌ನವರಿಗೆ ಒಂದೇ ನಕ್ಷತ್ರ ಕೊಟ್ಟು ಬೈದು ಬರೆದಿದ್ದೆ. ತಪ್ಪು ಅವರದಲ್ಲ ಎಂದು ತಿಳಿದ ಮೇಲೆ ಅವರ ಕ್ಷಮೆಯನ್ನೂ ಕೇಳಿ ಐದು ನಕ್ಷತ್ರ ಕೊಟ್ಟೆ. ಆದರೆ ಸೇಡಂನ ಆ ಮನೆಗಳಲ್ಲಿ ಇಂದಿಗೂ ಮದುವೆ, ಮುಂಜಿಗೆ ದಿನ ಗೊತ್ತುಮಾಡುವಾಗ ಯಾರಾದರೂ ನಗುತ್ತ, "ಪುಷ್ಯದ ಸೊಸಿನ್ನ ಕೇಳಬ್ಯಾಡ್ರಪ್ಪಾ" ಎನ್ನುತ್ತಾರಂತೆ. ಪ್ರಮೋದ ಊರಿಗೆ ಹೋಗಿ ಬಂದು ಹೇಳಿದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಚಹಾ ಕುಡಿಯುತ್ತೀಯೇನು ಎಂದು ಕೇಳಿದೆ.

ಅಂಬಕ್ಕನಿಗೆ ಈಗ ಕಿವಿ ಪೂರ್ತಿ ಕೇಳಿಸುವುದಿಲ್ಲ, ಓದುವುದು ಮಾತ್ರ ಬಿಟ್ಟಿಲ್ಲ. ಈ ಬರಹ ಅಚ್ಚಾದ ಮೇಲೆ ಮೊದಲ ಪ್ರತಿ ಅವಳಿಗೇ ಕಳಿಸುತ್ತೇನೆ. ಆಕೆಯ ಸಲುವಾಗಿ ಸ್ಪಷ್ಟವಾಗಿ ಬರೆಯುತ್ತೇನೆ. ಸೊಸೆ ಬರೆದದ್ದು ಮಾಘ ಎಂದೇ. ಪುಷ್ಯಕ್ಕೆ ಎಳೆದು ತಂದವನು ವೆಂಕಣ್ಣ. ಸುಳ್ಳು ಹೇಳಿದವನೂ ಅವನೇ.

ಎರಡನೇ ಪ್ರತಿ ಮೇಲಿನ ಮಹಡಿಗೆ. ನಮ್ಮ ಬಾಗಿಲಿಗೂ ಅವಳ ಬಾಗಿಲಿಗೂ ನಡುವೆ ಹದಿನೆಂಟು ಮೆಟ್ಟಿಲುಗಳಿವೆ. ಅಷ್ಟು ಹತ್ತಲಾರದೆ ಇಷ್ಟು ಉದ್ದ ಬರೆದಿದ್ದೇನೆ. ಬರೆಯುವ ತನಕ ಗಮನಿಸಿರಲಿಲ್ಲ, ಇಡೀ ಬರಹದಲ್ಲಿ ಅವಳನ್ನು 'ಸೊಸೆ' ಎಂದೇ ಕರೆದಿದ್ದೇನೆ. ಅವಳು ನನ್ನ ಸೊಸೆಯೂ ಅಲ್ಲ! ಅವಳಿಗೆ ಒಂದು ಹೆಸರಿದೆ. ಆ ಹೆಸರು ಹಿಡಿದು ನಾನು ಇನ್ನೂ ಕ್ಷಮೆ ಕೇಳಿಲ್ಲ.

ರಶ್ಮಿ.